ಹೊಗೆ ಕಂಡರೆ ಅಳುವ ಕೂಸು

ಹೆದರಿಕೆ ನನಗೆ ತವರಿನಿಂದ ಬಂದ ಬಳುವಳಿ. ಬಸ್‌ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡಿ, ಮತ್ತೆ ಹೊರಟವಳು ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಇನ್ನೊಮ್ಮೆ ಬಂದವಳು ನಾನು. ಅಮ್ಮನೂ ಹೀಗೇ ಇದ್ದಳು, ಅವಳ ಅಮ್ಮನೂ ಹೀಗೇ ಇದ್ದಳಂತೆ. ಇಂಥವಳನ್ನು ಕಟ್ಟಿಕೊಂಡ ಗಂಡಸಿಗೆ ಚಕ್ರದ ಮೇಲೆ ಮನೆ ಕಟ್ಟುವ ಹುಚ್ಚು ಹತ್ತಬೇಕೆ? ಅದೂ ಒಳಗೊಂದು ಒಲೆ ಇಟ್ಟು!

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮವರಿಗೆ ಬನ್ನಿಮಂಟಪದ ಕಡೆ ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುವ ಸಣ್ಣ ವರ್ಕ್‌ಶಾಪ್ ಇತ್ತು. ಯಾರೋ ಮಾರಲು ತಂದ ಹಳೆಯ ಮೆಟಡೋರ್ ವ್ಯಾನೊಂದನ್ನು ತಾವೇ ಇಟ್ಟುಕೊಂಡು, ಬಿಡುವಾದಾಗಲೆಲ್ಲ ಅದಕ್ಕೇ ಅಂಟಿಕೊಂಡರು. ಪ್ಲೈವುಡ್ಡಿನ ಎರಡು ಬೆಂಚು, ಬೆಂಚಿನ ಮೇಲೆ ಹತ್ತಿಯ ಹಾಸಿಗೆ, ಕಿಟಕಿಗೆ ಪರದೆ, ನೀರಿಗೊಂದು ಡ್ರಮ್ಮು, ಮೂಲೆಯಲ್ಲಿ ತಲೆಯ ಮೇಲೇ ಬರ್ನರ್ ಕೂತಿರುವ ಪುಟ್ಟ ಗ್ಯಾಸ್ ಸಿಲಿಂಡರು. ಇಷ್ಟಕ್ಕೆಲ್ಲ ಕಾರಣ ನಮ್ಮ ಅತ್ತೆಯ ಮಂಡಿನೋವು. ಅವರಿಗೆ ಬೆಟ್ಟದ ದೇವರುಗಳನ್ನು ನೋಡುವ ಆಸೆ, ಲಾಡ್ಜಿನ ಮೆಟ್ಟಿಲು ಹತ್ತಲು ಕಾಲು ಬಾರದು, ಹೋಟೆಲಿನ ಊಟ ಗಂಟಲಿಗೆ ಇಳಿಯದು. ಮಗ ಮನೆಯನ್ನೇ ಬೆಟ್ಟಕ್ಕೆ ಕೊಂಡೊಯ್ಯುವ ಉಪಾಯ ಹೂಡಿದ. ಎಲ್ಲರೂ ಭೇಷ್ ಎಂದರು. ನಾನು ಮಾತ್ರ ಆ ಸಿಲಿಂಡರನ್ನೂ ಪರದೆಯನ್ನೂ ಹಾಸಿಗೆಯನ್ನೂ ನೋಡಿ, ಇವೆಲ್ಲ ಒಂದೇ ಪೆಟ್ಟಿಗೆಯೊಳಗೆ ಇವೆಯಲ್ಲಾ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ.

ವ್ಯಾನು ಗೋಕುಲಂನ ನಮ್ಮ ಮನೆಯ ಕಾಂಪೌಂಡಿನಲ್ಲಿ, ಪಾರಿಜಾತದ ಗಿಡದ ಪಕ್ಕ ನಿಂತಿರುತ್ತಿತ್ತು. ವರ್ಷಕ್ಕೆ ನಾಲ್ಕಾರು ಸಲ ಹೊರಗೆ ಹೋದರೆ ಹೆಚ್ಚು. ಉಳಿದ ಕಾಲವೆಲ್ಲ ಅದು ಅತ್ತೆಯ ಕೋಣೆಯಾಯಿತು. ಬೆಳಗಿನ ಪೂಜೆ ಅಲ್ಲಿ, ಮಧ್ಯಾಹ್ನದ ನಿದ್ದೆ ಅಲ್ಲಿ. ನಾನು ಒಮ್ಮೆ, "ಮನೆಯೊಳಗೇ ಮಲಗಬಾರದಾ ಅತ್ತೆ? ಅಲ್ಲಿ ಸೆಖೆ" ಎಂದೆ. ಅವರು ವ್ಯಾನಿನ ಬಾಗಿಲನ್ನು ಸರಕ್ಕನೆ ಎಳೆದು, ತೆಗೆದು, ಮತ್ತೆ ಎಳೆದು ತೋರಿಸಿದರು.

"ಕೆಸರೇಲಿ ನಿಮ್ಮಾವ್ನೋರ ಅಳೇ ಮನೇಲಿ ನಾಕು ಜನ ವಾರಗಿತ್ತೀರು ಒಂದೇ ಪಡಸಾಲೇಲಿ ಮಲಗ್ತಿದ್ದೋ. ಆಮೇಲೆ ಈ ಮನೇಗ್ ಬಂದೆ, ಇದು ಮಗನ ಮನೆ. ನಂದು ಅಂತ ಒಂದು ಬಾಗ್ಲು ನಾನು ಆಕ್ಕೊಂಡಿದ್ದೇ ಇಲ್ಲ ಕಣಮ್ಮ."

ಆ ಮಾತಿನ ಮೇಲೆ ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅವರು ಬಾಗಿಲು ಎಳೆದುಕೊಂಡಾಗಲೆಲ್ಲ ನನ್ನ ಕಿವಿ ಆ ಕಡೆಗೇ ಇರುತ್ತಿತ್ತು.

ಮಹಡಿಯ ಕೋಣೆಯನ್ನು ನಾವು ಯೋಗ ಕಲಿಯಲು ಬರುವ ಪರದೇಶದವರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ಇದ್ದಾಕೆ ಬೂದುಗೂದಲಿನ ಹೆಂಗಸು. ತನ್ನ ದೇಶದಲ್ಲಿ ಆಕೆ ಎಷ್ಟೋ ಕಾಲ ಇಂಥದೇ ಮನೆ-ವ್ಯಾನಿನಲ್ಲಿ ಬದುಕಿದ್ದವಳಂತೆ. ನಮ್ಮದನ್ನು ನೋಡಿ ಚಪ್ಪಾಳೆ ತಟ್ಟಿ ಸಂತೋಷಪಟ್ಟಳು. ಒಳಗೆ ಹೋಗಿ ಒಲೆ ನೋಡಿದಳು, ತಲೆ ಎತ್ತಿ ಸೂರು ನೋಡಿದಳು, ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಹೊಗೆಯ ಅಲಾರಂ ಎಲ್ಲಿ ಎಂದು ಕೇಳಿದಳು. ಅಂಥದೊಂದು ವಸ್ತು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೆ ಓಡಲು ಜಾಗವಿರುತ್ತದೆ, ವ್ಯಾನಿನಲ್ಲಿ ಹಾಗಲ್ಲ, ಮಲಗಿದವರು ಎಚ್ಚರವಾಗುವ ಮೊದಲೇ ಹೊಗೆ ತುಂಬಿಕೊಳ್ಳುತ್ತದೆ ಎಂದು ಆಕೆ ನಿಧಾನವಾದ ಇಂಗ್ಲಿಷಿನಲ್ಲಿ ವಿವರಿಸಿದಳು. ಇಷ್ಟು ದಿನ ನನಗೆ ಹೆಸರಿಟ್ಟು ಹೇಳಲಾಗದ ಭಯವನ್ನು ಆಕೆ ಬಾಯಿಬಿಟ್ಟು ಹೇಳಿದ್ದಳು. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು.

ಮುಂದಿನ ಸಲ ಬರುವಾಗ ಆಕೆ ಒಂದು ಅಲಾರಂ ತಂದುಕೊಟ್ಟಳು. ಅಂಗೈ ಅಗಲದ ಬಿಳೀ ಪ್ಲಾಸ್ಟಿಕ್ಕಿನ ಬಿಲ್ಲೆ, ಸುತ್ತಲೂ ಸಣ್ಣ ಸೀಳುಗಳು, ನಡುವೆ ಒಂದು ಗುಂಡಿ. ಹೊಗೆ ಆ ಸೀಳುಗಳಿಂದ ಒಳಗೆ ಹೋದರೆ ಅದು ಕಿರುಚಬೇಕು. ವಾರಕ್ಕೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಬೇಕು, ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಒಣ ಬ್ರಷ್ಷಿನಿಂದ ದೂಳು ಒರೆಸಬೇಕು, ಬಣ್ಣ ಬಳಿಯಬಾರದು. ಇಷ್ಟು ಹೇಳಿ ಆಕೆ, ಇದಕ್ಕೆ ಹೊಗೆ ಮಾತ್ರ ಗೊತ್ತಾಗುತ್ತದೆ, ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲ, ಅದಕ್ಕೆ ನಿಮ್ಮ ಮೂಗೇ ಗತಿ ಎಂದಳು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ನಕ್ಕುಬಿಟ್ಟರು. "ಮೂಗಿನ್ ವಿಚಾರ ನಂಗೇ ಏಳ್ಕೊಡ್ತಾಳಾ? ಅವಳ್ಗೆ ಏಳು, ಊದಿನಕಡ್ಡಿ ಕಟ್ಟು ಬಿಚ್ಚೋಕ್ ಮುಂಚೇನೇ ಯಾವ ಗಂಧ ಅಂತ ಏಳೋಳು ನಾನು ಅಂತ."

ಅದು ಬಡಾಯಿಯಲ್ಲ. ಮಾವನವರು ಇದ್ದಾಗ ಮಠದ ಬೀದಿಯಲ್ಲಿ ವಿಭೂತಿ, ಕರ್ಪೂರ, ಊದುಬತ್ತಿಗಳ ಅಂಗಡಿ ಇಟ್ಟಿದ್ದರು. ಊದುಬತ್ತಿಯ ಸರಕು ಬಂದರೆ ಮೊದಲು ಮನೆಗೆ ಬಂದು ಅತ್ತೆಯ ಮೂಗಿನ ಮುಂದೆ ಹಾಜರಾಗಿ, ಅವರು ತಲೆ ಆಡಿಸಿದ ಮೇಲೇ ಅಂಗಡಿಗೆ ಹೋಗುತ್ತಿತ್ತು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ಅಡಿಗೆಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದರೆ ಅವರು ಬೀದಿಬಾಗಿಲಲ್ಲಿ ಕೂತೇ "ಇಳಿಸು, ಸೀದೋಯ್ತದೆ" ಎನ್ನುತ್ತಿದ್ದರು. ಅಂಥ ಮೂಗು ವ್ಯಾನಿನಲ್ಲಿ ಇರುವಾಗ ಇನ್ನೇನು ಭಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಮ್ಮವರು ಅಲಾರಮನ್ನು ಬೆಂಚಿನ ಮೇಲುಗಡೆ, ನಿಂತರೆ ಕೈಗೆ ಎಟುಕುವ ಹಾಗೆ ಸೂರಿಗೆ ಬಿಗಿದರು. ಅಲ್ಲಿಂದ ಶುರುವಾಯಿತು ಫಜೀತಿ.

ಅಲಾರಂ ಬಂದ ಮೇಲಿನ ಮೊದಲ ಪ್ರಯಾಣ ಮಾದಪ್ಪನ ಬೆಟ್ಟಕ್ಕೆ. ವಾಹನಗಳು ನಿಲ್ಲುವ ಜಾಗದಲ್ಲಿ ಉಪ್ಪಿಟ್ಟು ಮಾಡಲೆಂದು ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದ್ದೇ ತಡ, ಅದು ಕಿರುಚಿಕೊಂಡಿತು. ಆ ಸದ್ದನ್ನು ಏನೆಂದು ಹೇಳಲಿ! ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಸೌಟು ನನ್ನ ಕೈಯಿಂದ ಜಾರಿತು. ಅತ್ತೆ "ಶಿವಶಿವಾ" ಎಂದು ಕಿವಿ ಮುಚ್ಚಿಕೊಂಡರು. ಅಕ್ಕಪಕ್ಕದ ಬಸ್ಸುಗಳಿಂದ ಜನ ಇಳಿದು ಬಂದು ಸುತ್ತ ನೆರೆದರು. ಒಬ್ಬರು ಪೊಲೀಸ್ ಗಾಡಿ ಅಂದರು, ಒಬ್ಬರು ಆಂಬುಲೆನ್ಸ್ ಅಂದರು. ನಮ್ಮವರು ಟವೆಲ್ಲು ಬೀಸಿ ಬೀಸಿ ಹೊಗೆಯನ್ನು ಹೊರಗೆ ಓಡಿಸಿದ ಮೇಲೆ ಅದು ಸುಮ್ಮನಾಯಿತು. ಉಪ್ಪಿಟ್ಟು ಸೀದಿತ್ತು. ಎಲ್ಲರೂ ಅದನ್ನು ಬೈದುಕೊಂಡೇ ತಿಂದರು. ನನಗೆ ಮಾತ್ರ ಒಳಗೊಳಗೇ ಒಂದು ನೆಮ್ಮದಿ. ಈ ಮನೆಯಲ್ಲಿ ನನ್ನ ಹಾಗೆ ಹೆದರುವ ಇನ್ನೊಂದು ಜೀವ ಬಂದಂತಾಗಿತ್ತು.

ಅತ್ತೆಯ ಪೂಜೆಗೂ ಅದಕ್ಕೂ ದಿನಾ ಜಗಳ. ಅವರದು ಅಚ್ಚುಕಟ್ಟಾದ ಲಿಂಗಪೂಜೆ. ಗಾಳಿಗೆ ದೀಪ ಆರದಿರಲೆಂದು ಕಿಟಕಿ ಮುಚ್ಚಿ, ಪರದೆ ಎಳೆದು, ಬೆಂಚಿನ ಮೇಲೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ನೆತ್ತಿಯ ಮೇಲೆ ಕಿರುಚಾಟ. "ಬ್ಯಾಟರಿ ಕಿತ್ತಾಕು ಅವ್ವ, ಬೇಕಾದಾಗ ಹಾಕ್ಕೊಂಡ್ರಾಯ್ತು" ಎಂದರು ನಮ್ಮವರು. ಬೇಕಾದಾಗ ಎಂದರೆ ಯಾವಾಗ? ಬೆಂಕಿ ಬಿದ್ದಾಗ ಬಾವಿ ತೋಡುವ ಮಾತು. ನಾನು ಹಟ ಹಿಡಿದೆ. ಕೊನೆಗೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ದಾರಿ ಕಂಡುಕೊಂಡೆ. ಮಗುವಿನ ಕುಲಾವಿಯಂಥ ಒಂದು ಟೊಪ್ಪಿಯನ್ನು ದಪ್ಪ ಬಟ್ಟೆಯಲ್ಲಿ ಹೊಲಿದು, ಪೂಜೆಯ ಹೊತ್ತಿಗೆ ಅದಕ್ಕೆ ತೊಡಿಸುವುದು, ಪೂಜೆ ಮುಗಿದ ಕೂಡಲೇ ತೆಗೆಯುವುದು. ತೊಡಿಸುವವಳೂ ನಾನೇ, ತೆಗೆಯುವವಳೂ ನಾನೇ. ತೆಗೆದೆನೋ ಇಲ್ಲವೋ ಎಂದು ತರಕಾರಿ ಹೆಚ್ಚುತ್ತಿದ್ದವಳು ಎದ್ದು ಹೋಗಿ ನೋಡುವ ಹೊಸ ಕೆಲಸವೂ ನನ್ನ ಪಾಲಿಗೆ ಬಂತು.

ಕುಲಾವಿ ಬಂದ ಮೇಲೆ ಅತ್ತೆ ಅದನ್ನು 'ಕೂಸು' ಎಂದು ಕರೆಯತೊಡಗಿದರು. ಬ್ಯಾಟರಿ ಸೋತು ಅದು ಆಗಾಗ ಕುಂಯ್ ಎಂದರೆ, "ನಿನ್ ಕೂಸಿಗೆ ಅಸಿವಾಗದೆ, ನೋಡೋಗು" ಎನ್ನುವರು. ಒಮ್ಮೆ ನಮ್ಮವರು ಆ ಚೌಕದ ಬ್ಯಾಟರಿಯನ್ನು ತಮ್ಮ ಕರೆಂಟು ನೋಡುವ ಮೀಟರಿಗೆ ಹಾಕಿಕೊಂಡು ವರ್ಕ್‌ಶಾಪಿಗೆ ಹೋಗಿಬಿಟ್ಟಿದ್ದರು. ನಾನು ಆಟೋ ಮಾಡಿಕೊಂಡು ಅಲ್ಲಿಗೇ ಹೋಗಿ, ಎಲ್ಲರೆದುರು ಮೀಟರು ಬಿಚ್ಚಿಸಿ ಬ್ಯಾಟರಿ ತಂದೆ. ಆ ಸಿಟ್ಟಿಗೆ ಅವರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಆಡದಿದ್ದರೆ ಬೇಡ ಎಂದುಕೊಂಡೆ.

ಪೂಜೆಯಾದ ಮೇಲೆ ಅತ್ತೆ ಎಲ್ಲರ ಹಣೆಗೂ ವಿಭೂತಿ ಹಚ್ಚುವುದು ನಮ್ಮಲ್ಲಿ ದಿನದ ವಾಡಿಕೆ. ಮಗನಿಗೆ ಹಚ್ಚುವಾಗ ಏನೂ ಹೇಳುತ್ತಿರಲಿಲ್ಲ. ನನ್ನ ಸರದಿ ಬಂದಾಗ ಮಾತ್ರ, "ಬಾ ಪುಕ್ಲಿ, ಒಸಿ ಈಬೂತಿ ಇಕ್ಕಸ್ಕೊ, ಎದ್ರಿಕೆ ಕಮ್ಮಿಯಾಗ್ಲಿ" ಎಂದು ಮೂರು ಬೆರಳಿನಿಂದ ಹಣೆಯ ಆ ತುದಿಯಿಂದ ಈ ತುದಿಗೆ ಎಳೆಯುವರು. ಅದು ತಣ್ಣಗಿರುತ್ತಿತ್ತು. ಹೆದರಿಕೆಯೇನೂ ಕಮ್ಮಿಯಾಗುತ್ತಿರಲಿಲ್ಲ.

ಆ ವರ್ಷ ಆಯುಧಪೂಜೆಗೆ ವ್ಯಾನನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟೆವು. ಅತ್ತೆ ನೀರಲ್ಲಿ ಕಲಸಿದ ವಿಭೂತಿಯ ಬಟ್ಟಲು ಹಿಡಿದು ಸ್ಟಿಯರಿಂಗಿಗೆ, ಒಲೆಗೆ, ನೀರಿನ ಡ್ರಮ್ಮಿಗೆ, ಕಡೆಗೆ ಕೂಸಿಗೂ ಮೂರು ಪಟ್ಟೆ ಎಳೆದು, ಮೇಲೊಂದು ಸೇವಂತಿಗೆ ಸಿಕ್ಕಿಸಿದರು. ನಾನೂ ಕೈಮುಗಿದೆ. ಅದೂ ಒಂದು ಯಂತ್ರವೇ ತಾನೆ, ಅದನ್ನೊಂದನ್ನು ಬಿಟ್ಟರೆ ಚೆನ್ನಾಗಿರುತ್ತದೆಯೆ?

ಅದಾದ ಕೆಲವು ವಾರಗಳಲ್ಲಿ ಒಂದು ಬೆಳಿಗ್ಗೆ ನಾನು ಕುಲಾವಿ ತೊಡಿಸಲು ಹೋದಾಗ ಅತ್ತೆ ಆಗಲೇ ಪೂಜೆಗೆ ಕೂತುಬಿಟ್ಟಿದ್ದರು. ಊದುಬತ್ತಿಯ ಹೊಗೆ ಸೂರಿಗೆ ಮುತ್ತಿಕೊಂಡಿತ್ತು. ಕೂಸು ಸುಮ್ಮನಿತ್ತು. ಮಾರನೆಯ ದಿನವೂ ಸುಮ್ಮನೆ. "ಅದಕ್ಕೂ ಅಭ್ಯಾಸ ಆಗದೆ ಬುಡು, ಇನ್ನು ಟೊಪ್ಪಿ ಗಿಪ್ಪಿ ಬ್ಯಾಡ" ಎಂದರು ಅತ್ತೆ. ನಮ್ಮವರಂತೂ, "ಅಂತೂ ನಮ್ಮ ದೇಶಕ್ಕೆ ಹೊಂದ್ಕೊಂಡ್ತು" ಎಂದು ನಕ್ಕರು. ಮನೆಯಲ್ಲಿ ಎಲ್ಲರಿಗೂ ಹಾಯೆನಿಸಿತು.

ನನಗೆ ಮಾತ್ರ ನಿದ್ದೆ ಹಾರಿತು. ಅಳುವ ಮಗು ಅತ್ತರೆ ತಾಯಿಗೆ ಕೋಪ, ಅಳದಿದ್ದರೆ ದಿಗಿಲು. ಹೋಗಿ ಗುಂಡಿ ಒತ್ತಿದೆ. ಗಂಟಲು ಹರಿಯುವಂತೆ ಕೂಗಿತು. ಬ್ಯಾಟರಿ ಸರಿ, ಗಂಟಲು ಸರಿ, ಹಾಗಾದರೆ ಹೊಗೆಗೆ ಯಾಕೆ ಕೂಗುತ್ತಿಲ್ಲ? ನಮ್ಮವರನ್ನು ಕೇಳಿದರೆ, "ಕೂಗಿದ್ರೂ ನಿಂಗೆ ಸಂಕಟ, ಕೂಗದಿದ್ರೂ ಸಂಕಟ. ಗುಂಡಿ ಒತ್ತುದ್ರೆ ಕೂಗ್ತದೆ ತಾನೆ? ಬುಟ್ಬುಡು" ಎಂದರು. ಮಹಡಿಯಾಕೆಯನ್ನು ಕೇಳೋಣವೆಂದರೆ ಅವಳು ಊರಿಗೆ ಹೋಗಿಯಾಗಿತ್ತು. ದಿನಾ ಬೆಳಿಗ್ಗೆ ಗುಂಡಿ ಒತ್ತುವುದು, ಕೂಗು ಕೇಳುವುದು, ಸಮಾಧಾನವಾಗದೆ ಒಳಗೆ ಬರುವುದು. ಒತ್ತಿದ ಬೆರಳಿಗೆ ಬೆಳ್ಳಗೆ ಏನೋ ಹತ್ತುತ್ತಿತ್ತು. ಆ ವ್ಯಾನಿನಲ್ಲಿ ಯಾವುದನ್ನು ಮುಟ್ಟಿದರೂ ವಿಭೂತಿ ಹತ್ತುತ್ತಿದ್ದುದರಿಂದ ನಾನು ಸೆರಗಿಗೆ ಒರೆಸಿಕೊಂಡು ಸುಮ್ಮನಾಗುತ್ತಿದ್ದೆ.

ಇನ್ನೊಂದು ಕಡೆಯಿಂದಲೂ ನನಗೆ ಇರಿಸುಮುರಿಸು ಶುರುವಾಗಿತ್ತು. ಅತ್ತೆ ಎರಡು ಸಲ ಹಾಲು ಸೀಯಿಸಿದರು. ಅವರೇ ಮುಚ್ಚಿಟ್ಟಿದ್ದ ತುಪ್ಪ ಕಮಟು ಹಿಡಿದಿತ್ತು, ಅದನ್ನೇ ಮಗನಿಗೆ ಬಡಿಸಿ "ಘಮಘಮ ಅಂತದೆ, ತಿನ್ನು" ಎಂದರು. ನಮ್ಮವರು ಮುಖ ಕಿವುಚಿ ತಟ್ಟೆ ಸರಿಸಿದರೆ, "ಈಗಿನ್ ಬೆಣ್ಣೇನೇ ಸರಿಯಿಲ್ಲ" ಎಂದು ಎದ್ದುಹೋದರು. ವಯಸ್ಸಾಯಿತು, ಮರೆವು ಎಂದುಕೊಂಡೆ. ಆದರೂ ಅವರು ವ್ಯಾನಿನ ಬಾಗಿಲು ಎಳೆದುಕೊಂಡ ಸದ್ದು ಕೇಳಿದರೆ ಕೈಕೆಲಸ ಬಿಟ್ಟು ಕಿಟಕಿಯಿಂದ ಇಣುಕುತ್ತಿದ್ದೆ.

ಚಳಿ ಶುರುವಾದ ದಿನಗಳು. ಒಂದು ಬೆಳಿಗ್ಗೆ ನಮ್ಮವರು ವರ್ಕ್‌ಶಾಪಿಗೆ ಹೋದ ಮೇಲೆ ನಾನು ಕಾಂಪೌಂಡಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ವ್ಯಾನಿನೊಳಗೆ ಅತ್ತೆಯ ಪೂಜೆ ನಡೆದಿತ್ತು. ಊದುಬತ್ತಿಯ ವಾಸನೆ ಬರುತ್ತಿತ್ತು. ಅದರ ಜೊತೆಗೆ ಇನ್ನೊಂದು ವಾಸನೆ, ಹಳೆಯ ಬಟ್ಟೆ ಸುಟ್ಟಂಥದು. ಪಕ್ಕದ ಮನೆಯವರು ಒಣಗಿದ ಎಲೆಗೆ ಬೆಂಕಿ ಹಾಕಿರಬೇಕೆಂದು ತಲೆ ಎತ್ತಿ ನೋಡಿದೆ. ಆ ಕಡೆ ಏನೂ ಇರಲಿಲ್ಲ. ತಿರುಗಿದರೆ ವ್ಯಾನಿನ ಬಾಗಿಲ ಸಂದಿಯಿಂದ ಹೊಗೆ ಎಳೆಎಳೆಯಾಗಿ ಹೊರಗೆ ಬರುತ್ತಿತ್ತು.

ಕೈಯಲ್ಲಿದ್ದ ಬಟ್ಟೆ ಬಿಸಾಕಿ ಓಡಿದೆ. ಬಾಗಿಲು ಎಳೆದು ತೆಗೆದೆ. ಒಳಗೆಲ್ಲ ಬೂದುಬಣ್ಣದ ಹೊಗೆ. ಹಿಂದಿನ ಬೆಂಚಿನ ಕಿಟಕಿಗೆ ಸಿಕ್ಕಿಸಿದ್ದ ಊದುಬತ್ತಿಯ ಕೆಂಡ ಕೆಳಗಿನ ಹಾಸಿಗೆಯ ಮೇಲೆ ಬಿದ್ದು, ಹತ್ತಿ ಉರಿಯದೆ ಒಳಗೊಳಗೇ ಕೆಂಪಗೆ ತಿನ್ನುತ್ತಿತ್ತು. ಅದರ ಮುಂದೆ, ಬೆನ್ನು ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಅತ್ತೆ ಕೂತಿದ್ದರು. ಒಂದೊಂದು ಸಲ ಕೆಮ್ಮುತ್ತಿದ್ದರು, ಮತ್ತೆ ಮಂತ್ರ ಹೇಳುತ್ತಿದ್ದರು. ಜೀವಮಾನವೆಲ್ಲ ಊದುಬತ್ತಿಯ ಹೊಗೆಯಲ್ಲಿ ಕಳೆದವರಿಗೆ ಹೊಗೆಯೊಂದು ಲೆಕ್ಕವೆ? ಅವರ ನೆತ್ತಿಯ ಮೇಲೆ ಕೂಸು ಸುಮ್ಮನೆ ಅಂಟಿಕೊಂಡಿತ್ತು. ಒಂದು ಸೊಲ್ಲಿಲ್ಲ.

"ಅತ್ತೇ!" ಎಂದು ಕೂಗಿ ಅವರ ರಟ್ಟೆ ಹಿಡಿದೆಳೆದೆ. "ಪೂಜೇಲಿ ಮುಟ್ಬ್ಯಾಡ ಕಣೇ!" ಎಂದು ಗದರಿಕೊಂಡರು. ನಾನು ಬಿಡಲಿಲ್ಲ. ಮಂಡಿನೋವಿನ ಆ ಜೀವವನ್ನು ಹೇಗೆ ಇಳಿಸಿಕೊಂಡೆನೋ ಈಗಲೂ ತಿಳಿಯದು. ಪಾರಿಜಾತದ ಬುಡದಲ್ಲಿ ಕೂರಿಸಿ, ಮತ್ತೆ ಒಳಗೆ ನುಗ್ಗಿ, ಮೊದಲು ಸಿಲಿಂಡರನ್ನು, ಆಮೇಲೆ ಹಾಸಿಗೆಯನ್ನು ಹೊರಗೆಳೆದು ಹಾಕಿ, ಬಟ್ಟೆ ನೆನೆಸಿದ್ದ ಬಕೆಟ್ಟನ್ನು ಹಾಗೇ ಮೇಲೆ ಸುರಿದೆ. ಸೋಪಿನ ನೀರು, ಹತ್ತಿ, ಹೊಗೆ ಎಲ್ಲ ಸೇರಿ ಅಂಗಳ ರಾಡಿಯಾಯಿತು.

ಅತ್ತೆ ಮುಷ್ಟಿಯಲ್ಲಿ ಲಿಂಗವನ್ನು ಎದೆಗೊತ್ತಿಕೊಂಡು ಆ ಹಾಸಿಗೆಯನ್ನೇ ನೋಡುತ್ತಿದ್ದರು. ನಾನು ಸೂರಿನಿಂದ ಅಲಾರಮನ್ನು ತಿರುಚಿ ಬಿಚ್ಚಿ ತಂದೆ. ಸಿಟ್ಟಿಗೆ ನೆಲಕ್ಕೆ ಬಡಿಯಬೇಕೆನ್ನಿಸಿತ್ತು. ಗುಂಡಿ ಒತ್ತಿದೆ. ಅಯ್ಯೋ, ಏನು ಜೋರಾಗಿ ಕೂಗಿತು! ಹಾಸಿಗೆಯ ಒಂದು ಮೂಲೆಯಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಹತ್ತಿಯನ್ನು ಕಿತ್ತು ಅದರ ಬಾಯಿಯ ಹತ್ತಿರ ಹಿಡಿದೆ. ಸದ್ದಿಲ್ಲ. ಬಿಸಿಲಿಗೆ ಹಿಡಿದು ನೋಡಿದಾಗ ಕಂಡಿತು. ಬಿಳಿಯ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ವಿಭೂತಿ, ಪದರದ ಮೇಲೆ ಪದರ. ಉಗುರಿನಿಂದ ಕೆರೆದರೆ ಗೋಡೆಯ ಸುಣ್ಣದ ಹಾಗೆ ಚಕ್ಕೆಚಕ್ಕೆ ಏಳುತ್ತಿತ್ತು. ಅದರಡಿಯ ಸೀಳುಗಳು ಒಂದೂ ಬಿಡದೆ ಮುಚ್ಚಿಹೋಗಿದ್ದವು. ಆಯುಧಪೂಜೆಯ ಒಂದು ದಿನದ ವಿಭೂತಿಗೆ ಇಷ್ಟು ದಪ್ಪ ಪದರ ಬರುವುದಿಲ್ಲ.

"ಅತ್ತೆ, ಇದಕ್ಕೆ ದಿನಾ ವಿಭೂತಿ ಹಚ್ತಿದ್ರಾ?"

ಅವರು ತಲೆ ಎತ್ತಿದರು. "ಊ ಕಣಮ್ಮ. ಆಯುಧಪೂಜೆ ದಿನ ಅಚ್ಚಿದ ಮ್ಯಾಕೆ ಅದರ ಅಳು ಒಸಿ ಕಮ್ಮಿಯಾಯ್ತು. ಕೂಸು ಸುಮ್‌ಸುಮ್ನೆ ಕಿಟಾರಂತ ಕಿರುಚುದ್ರೆ ಏನ್ ಮಾಡ್ತೀವಿ? ದೃಷ್ಟಿ ಆಗದೆ ಅಂತ ಈಬೂತಿ ಇಕ್ಕಲ್ವಾ? ಅಂಗೇ ದಿನಾ ಇಕ್ತಾ ಬಂದೆ. ಅಳು ನಿಂತೋಯ್ತು." ಆಮೇಲೆ ನನ್ನ ಕೈಯಲ್ಲಿದ್ದ ಚಕ್ಕೆಗಳನ್ನು ನೋಡಿ, "ಅದರ ಬಾಯಿ ನಾನೇ ಮುಚ್ಚಿದ್ನಾ?" ಎಂದರು.

ಬಣ್ಣ ಬಳಿಯಬಾರದು ಎಂದು ಆ ಪರದೇಶದಾಕೆ ಹೇಳಿದ್ದಳು. ವಿಭೂತಿ ಹಚ್ಚಬಾರದು ಎಂದು ಹೇಳಲು ಅವಳಿಗೆ ಹೇಗೆ ಹೊಳೆಯಬೇಕು? ಹೊಳೆಯಬೇಕಾದ ನನಗೇ ಹೊಳೆಯಲಿಲ್ಲ.

"ಅಲಾರಂ ಬಿಡಿ ಅತ್ತೆ, ನಿಮಗಾದ್ರೂ ಗೊತ್ತಾಗಬೇಡ್ವಾ? ಬೆನ್ನ ಹಿಂದೆ ಹತ್ತಿ ಸುಡ್ತಿದೆ, ಬಟ್ಟೆ ಒಗೆಯೋ ಕಲ್ಲಿನ ತನಕ ವಾಸನೆ ಬಂತು. ನಿಮಗೆ ಬರಲಿಲ್ವಾ?"

ಅವರು ನೆಲದಲ್ಲಿ ಬಿದ್ದಿದ್ದ ಒಂದು ಪಾರಿಜಾತವನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಉಸಿರೆಳೆದು, ಮತ್ತೆ ಕೆಳಗಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು. ಆಗ ನನಗೆ ಸೀದ ಹಾಲು, ಕಮಟು ತುಪ್ಪ ಎಲ್ಲ ಒಟ್ಟಿಗೇ ನೆನಪಾದವು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಓದ್ ಮಳೆಗಾಲ್ದಲ್ಲಿ ಆ ಜ್ವರ ನೆಗಡಿ ಬಂತಲ್ಲ, ಅವತ್ತಿಂದ. ವಾಪಸ್ ಬತ್ತದೆ, ನಾಳೆ ಬತ್ತದೆ ಅಂತ ಕಾದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ ಮಗಂಗೆ ಏಳ್ಬ್ಯಾಡ ಕಣಮ್ಮ. ಮೂಗಿಲ್ಲದೋಳಿಗೆ ಒಲೆ ಯಾಕೆ, ವ್ಯಾನ್ ಯಾಕೆ ಅಂತ ಬಾಗ್ಲಿಗೆ ಬೀಗ ಆಕ್ಬುಡ್ತಾನೆ."

ಹೇಳದಿದ್ದರೆ ಇನ್ನು ಮುಂದೆ ನನ್ನ ಕಣ್ಣಿಗೆ ನಿದ್ದೆ ಇರುವುದಿಲ್ಲ. ಹೇಳಿದರೆ ಅವರಿಗೆ ಬಾಗಿಲು ಇರುವುದಿಲ್ಲ. ಅಂಗಳ ಗುಡಿಸುತ್ತ ಇದನ್ನೇ ತಿರುವಿಹಾಕಿದೆ.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೆ ಮೊದಲು ಕಂಡದ್ದು ಅಂಗಳದಲ್ಲಿ ಬಿದ್ದಿದ್ದ ಹಾಸಿಗೆ. ಗಾಬರಿಯಾದವರಿಗೆ ಕೋಪ ಬರುವುದು ಸಹಜ. ಅವರ ಕೋಪಕ್ಕೆ ಸಿಗುವವಳು ನಾನೊಬ್ಬಳೇ.

"ಊರೆಲ್ಲ ಎದ್ರಿಸ್ಕೊಂಡ್ ಓಡಾಡ್ತೀಯ, ಪಕ್ಕದಲ್ಲೇ ಇದ್ದು ಇಷ್ಟು ಸುಡೋವರ್ಗೂ ಏನ್ ಮಾಡ್ತಿದ್ದೆ? ಆ ದರಿದ್ರದ್ದು ಕೂಗುದ್ರೆ ಕೂಗ್ತು ಅಂತೀಯ, ಕೂಗದಿದ್ರೆ..."

"ಅವಳ್ನ ಬೈಬ್ಯಾಡ." ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಅವಳು ಇಲ್ದಿದ್ರೆ ನೀನಿವತ್ತು ಬತ್ತಾ ಇದ್ದಿದ್ದು ಊಟಕ್ಕಲ್ಲ. ನನ್ ಮೂಗು ಸತ್ತೋಗದೆ ಕಣೋ. ಬೆನ್ನಿಗೇ ಬೆಂಕಿ ಬಿದ್ರೂ ನಂಗೆ ಗೊತ್ತಾಗಕಿಲ್ಲ."

ಬೆಳಿಗ್ಗೆಯಷ್ಟೇ ಯಾರಿಗೂ ಹೇಳಬೇಡವೆಂದು ಕಣ್ಣೀರು ಹಾಕಿದ್ದನ್ನು, ನನ್ನ ಮೇಲೆ ಮಾತು ಬಂತೆಂದು ತಾವೇ ಹೇಳಿಬಿಟ್ಟರು. ಊಟ ಯಾರಿಗೂ ಸೇರಲಿಲ್ಲ. ಕೈ ತೊಳೆಯುವಾಗ ಅವರು ಮೆಲ್ಲಗೆ ಅಂದರು: "ಇನ್ಮೇಲೆ ವ್ಯಾನ್ ಬೇಡ ಅವ್ವ. ಮನೆ ಒಳಗೇ ಇರು. ಯಾರಾದ್ರೂ ಕೇಳುದ್ರೆ ಕೊಟ್ಬುಡ್ತೀನಿ."

ಅತ್ತೆ ತಲೆ ತಗ್ಗಿಸಿ ಎಲೆಯಡಿಕೆ ಚೀಲದ ದಾರ ಸುತ್ತುತ್ತ ಕೂತಿದ್ದರು.

"ಕೊಡೋದು ಬೇಡ" ಎಂದೆ ನಾನು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು. ನಮ್ಮವರು ಕಣ್ಣರಳಿಸಿ ನೋಡಿದರು. ಈ ಮನೆಯಲ್ಲಿ ಆ ವ್ಯಾನಿಗೆ ಮೊದಲ ದಿನದಿಂದ ಹೆದರಿದವಳು ನಾನೊಬ್ಬಳೇ ಅಲ್ಲವೆ? "ಸಿಲಿಂಡರ್ ವ್ಯಾನಿಂದ ಆಚೆ ಹೋಗಲಿ. ಊರಿಗೆ ಹೋದಾಗ ಒಲೆ ಹೊರಗೇ ಹಚ್ಚೋಣ. ಅತ್ತೆ ಒಳಗಿರುವಾಗ ಕಿಟಕಿ ತೆಗೆದಿರಬೇಕು, ಊದುಬತ್ತಿ ಮರಳು ತುಂಬಿದ ಬಟ್ಟಲಲ್ಲಿ ನಿಲ್ಲಬೇಕು, ದೀಪ ಹಾಸಿಗೆಯ ಹತ್ತಿರ ಬರಬಾರದು. ಮಿಕ್ಕಿದ್ದು ನಾನು ನೋಡ್ಕೋತೀನಿ. ಹೇಗೂ ದಿನಾ ನೋಡ್ತಾನೇ ಇದೀನಲ್ಲ."

ನಮ್ಮವರು ತಾಯಿಯ ಮುಖ ನೋಡಿ, ಎದ್ದು ಹೋಗಿ ಸಿಲಿಂಡರನ್ನು ಅಡಿಗೆಮನೆಗೆ ಸಾಗಿಸಿದರು. ಸಂಜೆ ಅವರೇ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಲಾರಮಿನ ಒಂದೊಂದೇ ಸೀಳನ್ನು ಬಿಡಿಸಿದರು. ಬಿದ್ದ ಪುಡಿಯನ್ನು ಅತ್ತೆ ತುಳಿಯಗೊಡದೆ ಬಳಿದು ಗಿಡದ ಬುಡಕ್ಕೆ ಹಾಕಿದರು. ಆಮೇಲೆ ನಾನು ಒಂದು ಊದುಬತ್ತಿ ಹಚ್ಚಿ ಕೆಳಗೆ ಹಿಡಿದೆ. ಹೊಗೆ ಸುರುಳಿ ಸುತ್ತುತ್ತ ಒಳಗೆ ಹೋಯಿತು. ಮೂವರೂ ಬಗ್ಗಿ ನೋಡುತ್ತಿದ್ದೆವು. ಅದು ಕಿರುಚಿತು. ಎಷ್ಟೋ ವಾರಗಳ ಅಳುವನ್ನೆಲ್ಲ ಒಂದೇ ಸಲಕ್ಕೆ ಅತ್ತ ಹಾಗಿತ್ತು, ನನಗೂ ಅಳು ಬಂತು.

ಮಾರನೆಯ ಬೆಳಿಗ್ಗೆ ಅತ್ತೆ ಪೂಜೆಗೆ ಕೂರುವ ಮುನ್ನ, ಹಚ್ಚಿದ ಊದುಬತ್ತಿಯನ್ನು ತಾವೇ ಎತ್ತಿ ಅಲಾರಂ ಮುಂದೆ ಬೆಳಗಿದರು. ಅದು ಕೂಗಿತು. "ಎದ್ದಿದೀಯಾ ಕೂಸೇ? ಸರಿ" ಎಂದು ನನಗೆ ಸನ್ನೆ ಮಾಡಿದರು. ನಾನು ಅದಕ್ಕೆ ಕುಲಾವಿ ತೊಡಿಸಿ, ಬಾಗಿಲ ಬಳಿ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂತೆ. ಬಾಗಿಲನ್ನು ಅವರು ಅರ್ಧ ಎಳೆದುಕೊಂಡರು, ನಾನು ಬೇಡವೆನ್ನಲಿಲ್ಲ. ಪೂಜೆ ಮುಗಿದ ಮೇಲೆ ಕುಲಾವಿ ತೆಗೆದೆ. ತೆಗೆದೆನೇ ಎಂದು ಮತ್ತೊಮ್ಮೆ ನೋಡಿದೆ.

ಅತ್ತೆ ವಿಭೂತಿ ಬಟ್ಟಲು ಹಿಡಿದು ಇಳಿದು ಬಂದರು. ಕೆಲಸಕ್ಕೆ ಹೊರಟಿದ್ದ ಮಗನ ಹಣೆಗೆ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಮೂರು ಬೆರಳನ್ನು ಬಟ್ಟಲಲ್ಲಿ ಅದ್ದಿ ಕೈ ಎತ್ತಿದರು. ನಾನು ಎಂದಿನಂತೆ ಹಣೆ ಮುಂದೆ ಚಾಚಿ ಕಣ್ಣು ಮುಚ್ಚಿದೆ. ಆ ತಣ್ಣನೆಯ ಸ್ಪರ್ಶ ಬರಲಿಲ್ಲ. ಕಣ್ಣು ತೆರೆದರೆ ಅವರ ಕೈ ನನ್ನ ಮುಖದ ಎದುರು ಹಾಗೇ ನಿಂತಿತ್ತು, ಬೆರಳ ತುದಿಯಿಂದ ಬೆಳ್ಳನೆಯ ನೀರು ಹನಿಯುತ್ತಿತ್ತು.

"ನಿಂಗ್ ಬ್ಯಾಡ ಕಣಮ್ಮ" ಎಂದರು. "ಅಚ್ಚಿದ ಮ್ಯಾಕೆ ನೀನೂ ಸುಮ್ನಾಗ್ಬುಟ್ರೆ ನಾನೇನ್ ಮಾಡ್ಲಿ?"